ನಾಲ್ಕು ಗಂಟೆ, ನಲವತ್ತು ಕಿಲೋಮೀಟರು

ನನ್ನ ಷಡ್ಡಕರಲ್ಲಿ ಒಂದು ದೊಡ್ಡ ದೋಷವಿದೆ. ಅವರು ಮಾಡಿದ ಏರ್ಪಾಡುಗಳೆಲ್ಲ ಸರಿಯಾಗಿಯೇ ನಡೆದುಬಿಡುತ್ತವೆ. ಒಂದು ಸಲವಾದರೂ ಅವರು ಗೊತ್ತುಮಾಡಿದ ಬಸ್ಸು ಪಂಕ್ಚರ್ ಆಗಲಿ, ಅಡುಗೆಯವರು ಕೈಕೊಡಲಿ ಎಂದು ಮೂವತ್ತು ವರ್ಷದಿಂದ ಕಾಯುತ್ತಿದ್ದೇನೆ. ಆಗಿಲ್ಲ.

ಹೋದ ಮೇ ತಿಂಗಳಲ್ಲಿ ಅವರ ಮಗನ ಮದುವೆ. ಹುಡುಗಿ ಮಂಗಳೂರಿನವಳು, ಮದುವೆಯೂ ಅಲ್ಲೇ. ಮೈಸೂರಿನಿಂದ ನಮ್ಮ ಕಡೆಯ 48 ಜನ ಬಸ್ಸಿನಲ್ಲಿ ಬಂದಿಳಿದೆವು. ಸಂಜೆಗೇ ವರಪೂಜೆ ಮುಗಿಯಿತು. ಮುಹೂರ್ತ ಮರುದಿನ ಮಧ್ಯಾಹ್ನ 12.15ರ ಅಭಿಜಿನ್ ಲಗ್ನ. ನಡುವಿನ ಅರ್ಧ ದಿನ ನೆಂಟರೆಲ್ಲ ಲಾಡ್ಜಿನ ಫ್ಯಾನಿನ ಕೆಳಗೆ ಕೂತು ಹಳೇ ಜಗಳ ತೆಗೆಯದಿರಲಿ ಎಂದು ಷಡ್ಡಕರು ಅದೇ ಬಸ್ಸಿನಲ್ಲಿ ಊರು ತೋರಿಸುವ ವ್ಯವಸ್ಥೆ ಮಾಡಿದ್ದರು. ಪುಕ್ಕಟೆ.

ಪುಕ್ಕಟೆ ಎಂದಮೇಲೆ ನಾನು ಹೋಗಲೇಬೇಕಿತ್ತು. 34 ವರ್ಷ ಸರ್ಕಾರಿ ಲೆಕ್ಕಪತ್ರದ ಕಚೇರಿಯಲ್ಲಿ ಕೂತು ಕಂಡವರ ಪ್ರಯಾಣಭತ್ಯೆಯ ಬಿಲ್ಲಿಗೆ ಕೆಂಪು ಶಾಯಿ ಹಾಕಿ ನಿವೃತ್ತನಾದವನು ನಾನು. ಆ ಶಬ್ದಕ್ಕೆ ನನ್ನ ಕಿವಿ ತಾನಾಗಿ ನಿಮಿರುತ್ತದೆ. ಆದರೆ ರಾತ್ರಿ ಊಟದ ಹೊತ್ತಿನಲ್ಲಿ ಷಡ್ಡಕರು ಎಲ್ಲರಿಗೂ ಕೇಳುವಂತೆ, ‘ನೀವೂ ಬಂದ್ಬಿಡಿ, ಹಿಂದಿನ ಸೀಟು ಎರಡು ಖಾಲಿ ಇದೆ’ ಎಂದರು. ಹಿಂದಿನ ಸೀಟು! ಬರುವಾಗ ಘಾಟಿಯ ಉದ್ದಕ್ಕೂ ಅದೇ ಸೀಟಿನಲ್ಲಿ ಕೂತು ತಲೆ ಮೂರು ಸಲ ಚಾವಣಿಗೆ ಬಡಿದಿತ್ತು.

‘ಇಲ್ಲ, ನಾವು ಪ್ರೈವೇಟ್ ಟೂರ್ ಬುಕ್ ಮಾಡಿದ್ದೀವಿ’ ಎಂದುಬಿಟ್ಟೆ.

ಮಾಡಿರಲಿಲ್ಲ. ಪಕ್ಕದಲ್ಲಿ ಹೋಳಿಗೆ ಮುರಿಯುತ್ತಿದ್ದ ನನ್ನ ಹೆಂಡತಿಯ ಕೈ ಎಲೆಯ ಮೇಲೆಯೇ ನಿಂತಿತು.

ಆಡಿದ ಮಾತಿಗಾಗಿ ರಾತ್ರಿ ಹತ್ತು ಗಂಟೆಗೆ ಟ್ರಾವೆಲ್ಸಿನವರೊಬ್ಬರಿಗೆ ಫೋನು ಮಾಡಬೇಕಾಯಿತು. ಅರ್ಧ ದಿನದ ಪ್ಯಾಕೇಜು ಎಂದರೆ 4 ಗಂಟೆ, 40 ಕಿಲೋಮೀಟರು. ಅದನ್ನು ದಾಟಿದರೆ ಗಂಟೆಗಿಷ್ಟು, ಕಿಲೋಮೀಟರಿಗಿಷ್ಟು. ಆ ಎರಡು ಅಂಕಿ ಕಿವಿಗೆ ಬಿದ್ದದ್ದೇ ನನ್ನೊಳಗೆ ಎರಡು ವರ್ಷದಿಂದ ಮಲಗಿದ್ದ ಸೂಪರಿಂಟೆಂಡೆಂಟು ಎದ್ದು ಕೂತ. ಲಗ್ನಪತ್ರಿಕೆಯ ಕವರಿನ ಹಿಂದೆ ಕೋಷ್ಟಕ ಹಾಕಿದೆ. ಕದ್ರಿ 25 ನಿಮಿಷ, ತಿಂಡಿ 15, ಸಂತ ಅಲೋಶಿಯಸ್ ಚಾಪೆಲ್ 15, ಕುದ್ರೋಳಿ 20, ಸುಲ್ತಾನ್ ಬತ್ತೇರಿ 10, ಸಮುದ್ರ 40. ಸಮುದ್ರಕ್ಕೆ ನಲವತ್ತು ಜಾಸ್ತಿಯಾಯಿತೇನೋ ಎನಿಸಿತು. ಇರಲಿ, ದೊಡ್ಡದು ಎಂದು ಬಿಟ್ಟೆ.

‘ರೀ, 12ಕ್ಕೆ ನಾನು ಅಲ್ಲಿರಬೇಕು. ಕಳಶ ಹಿಡಿಯೋಳು ನಾನು ಕಣ್ರೀ’ ಎಂದು ಹೆಂಡತಿ ಮಲಗುವ ಮುಂಚೆ ಎರಡು ಸಲ ಹೇಳಿದಳು. ‘11.55ಕ್ಕೆ ಕಾರು ಮಂಟಪದ ಮುಂದೆ’ ಎಂದು ಕವರು ತೋರಿಸಿದೆ.

ಬೆಳಗ್ಗೆ 7.50ಕ್ಕೆ ಕಾರು ಬಂತು. ಚಾಲಕರು ಐವತ್ತರ ಆಸುಪಾಸಿನವರು, ಅವಸರವೆಂಬುದು ರಕ್ತದಲ್ಲೇ ಇಲ್ಲದವರ ಹಾಗೆ ಕಂಡರು. ನಾನು ನಮಸ್ಕಾರ ಹೇಳುವ ಮೊದಲೇ ಕಿಟಕಿಯಲ್ಲಿ ತಲೆ ತೂರಿಸಿ ಮೀಟರು ಬರೆದುಕೊಂಡೆ.

‘ಅದಕ್ಕೆ ಮೂರು ಸೇರಿಸಿ ಸರ್’ ಎಂದರು. ‘ಗ್ಯಾರೇಜ್ ಟು ಗ್ಯಾರೇಜ್ ಲೆಕ್ಕ.’

‘ಗ್ಯಾರೇಜು ಎಲ್ಲಿ?’

‘ಇಲ್ಲೇ, ಕಂಕನಾಡಿ.’

ಹತ್ತುವ ಮೊದಲೇ ಮೂರು ಹೋಯಿತು, ಬಿಡುವಾಗ ಇನ್ನೊಂದು ಮೂರು. ನನಗೆ ಉಳಿದದ್ದು 34. ಆ ಕ್ಷಣದಿಂದ ಈ ಮನುಷ್ಯ ನನ್ನ ಪಾಲಿಗೆ ಟಿಎ ಬಿಲ್ಲು ಹಿಡಿದು ನಿಂತ ನೌಕರನಾಗಿಬಿಟ್ಟರು. ಅವರು ಎಡಕ್ಕೆ ತಿರುಗಿಸಿದರೆ, ಬಲಕ್ಕೆ ಹೋಗಿದ್ದರೆ ಹತ್ತಿರವಾಗುತ್ತಿತ್ತಲ್ಲವೇ ಎಂಬ ಸಂಶಯ. ಊರಿನ ದಾರಿಯೇ ಗೊತ್ತಿಲ್ಲದವನಿಗೆ ಇಂಥ ಸಂಶಯ ಬರುವುದಕ್ಕೆ ಇಲಾಖಾ ಪರೀಕ್ಷೆ ಪಾಸಾಗಿರಬೇಕು.

ಹಂಪನಕಟ್ಟೆಯಲ್ಲಿ ಎದುರಾದ ಸಿಟಿ ಬಸ್ಸುಗಳಲ್ಲೆಲ್ಲ ಕಂಡಕ್ಟರುಗಳು ಬಾಗಿಲಿಗೆ ನೇತುಬಿದ್ದು ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗುತ್ತಿದ್ದರು. ‘ನೋಡು, ಬೆಳಗ್ಗೆ ಎದ್ದು ಬ್ಯಾಂಕಿಗೆ ಹೋಗ್ತಾರೆ. ಐದು ಬ್ಯಾಂಕು ಹುಟ್ಟಿಸಿದ ಜಿಲ್ಲೆ ಅಂದರೆ ಸುಮ್ಮನೆಯಾ’ ಎಂದು ಹೆಂಡತಿಗೆ ಹೇಳಿದೆ. ಚಾಲಕರು ಕನ್ನಡಿಯಲ್ಲಿ ನನ್ನನ್ನು ನೋಡಿ, ‘ಅದು ಬಸ್‌ಸ್ಟ್ಯಾಂಡಿನ ಹೆಸರು ಸರ್’ ಎಂದರು. ಊರಿನ ಹೆಸರನ್ನು ಮಾತ್ರ ಅವರು ಒಮ್ಮೆಯೂ ಮಂಗಳೂರು ಎನ್ನಲಿಲ್ಲ. ಫೋನು ಬಂದಾಗಲೆಲ್ಲ ತುಳುವಿನಲ್ಲಿ ‘ಕುಡ್ಲ’ ಎನ್ನುತ್ತಿದ್ದರು. ಕೊಂಕಣಿಯವರಿಗೆ ಇದೇ ಊರು ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ನಮ್ಮ ಕಚೇರಿಯಲ್ಲಿ ಒಂದೇ ಊರಿಗೆ ನಾಲ್ಕು ಹೆಸರು ಬರೆದು ಬಿಲ್ಲು ಕಳಿಸಿದ್ದರೆ ನಾಲ್ಕನ್ನೂ ತಿರಸ್ಕರಿಸುತ್ತಿದ್ದೆ.

ಕದ್ರಿ ಮಂಜುನಾಥನ ಗುಡಿಯಲ್ಲಿ ನನ್ನ ಕೋಷ್ಟಕ ಮೊದಲ ಬಾರಿ ಅಲುಗಿತು. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪರ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಸ್ಥಾಪಿಸಿದ್ದು, ಪೀಠದ ಶಾಸನದಲ್ಲಿ ಇದನ್ನು ‘ವಿಹಾರ’ ಎಂದು ಕರೆದಿರುವುದರಿಂದ ಹಿಂದೆ ಇದು ಬೌದ್ಧರ ನೆಲೆಯಾಗಿತ್ತು ಎನ್ನುತ್ತಾರೆ ಎಂದು ನಾನು ಹೆಂಡತಿಗೆ ವಿವರಿಸುತ್ತಿದ್ದೆ. ಅವಳಿಗೆ ಅದು ಕೇಳಿಸುತ್ತಿರಲಿಲ್ಲ. ದೀಪದ ಬೆಳಕಿನಲ್ಲಿ ಮೂರು ಮುಖ, ಆರು ಕೈ, ಕಿರೀಟದಿಂದ ಪೀಠದವರೆಗೆ ಬಿಡದ ಕುಸುರಿ. ಮೈಯೆಲ್ಲ ಆಭರಣ ಹೊತ್ತೂ ಭಾರವೇ ಇಲ್ಲದ ಹಾಗೆ ಕೂತಿದ್ದಾನೆ. ಹತ್ತಿರ ಹತ್ತಿರ ಸಾವಿರದ ಅರವತ್ತು ವರ್ಷದಿಂದ ಹಾಗೆ ಕೂತವನಿಗೆ ನನ್ನ ಪಟ್ಟಿಯಲ್ಲಿ ಬಿದ್ದಿದ್ದು ನಾಲ್ಕು ನಿಮಿಷ. ಅವನು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ನಾನೇ ಗಡಿಯಾರ ನೋಡಿಕೊಂಡೆ.

ಗುಡಿಯ ಹಿಂದೆ ಮೆಟ್ಟಿಲು ಹತ್ತಿದರೆ ಏಳು ಕೆರೆಗಳು. ಅಲ್ಲಿಗೆ ಹೋಗುವಷ್ಟರಲ್ಲಿ ನಮ್ಮವರು 46 ಜನವೂ ನೀರು ಚಿಮುಕಿಸಿಕೊಂಡು ಇಳಿಯುತ್ತಿದ್ದರು. ‘ಓಹೋ, ಪ್ರೈವೇಟಿನವರು ಈಗ ಬಂದ್ರಾ?’ ಎಂದರು ಷಡ್ಡಕರು. ಅವರ ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ನನ್ನ ಸ್ಥಿತಿ ಬೇರೆ. ಮದುವೆಗೆ ನೇರ ಹೋಗಬೇಕಲ್ಲ ಎಂದು ಬೆಳಗ್ಗೆಯೇ ರೇಷ್ಮೆ ಪಂಚೆ, ರೇಷ್ಮೆ ಜುಬ್ಬ, ಜರಿಯ ಶಲ್ಯ ತೊಟ್ಟು ಹೊರಟಿದ್ದೆ. ಮೈಸೂರಿನ ರೇಷ್ಮೆ ಮೈಸೂರಿನ ಹವೆಗೆ ಹೇಳಿಸಿದ್ದು. ಮಂಗಳೂರಿನ ಮೇ ತಿಂಗಳಲ್ಲಿ ಅದು ಬಟ್ಟೆಯಲ್ಲ, ಇಡ್ಲಿ ಪಾತ್ರೆ. ಒಳಗೆ ನಾನು ಬೇಯುತ್ತಿದ್ದೆ.

ತಿಂಡಿಗೆ ಒಂದು ಹೋಟೆಲಿನಲ್ಲಿ ಕೂತೆವು. ‘ಎಂತ ಕೊಡುವ?’ ಎಂದ ಮಾಣಿ. ‘ಒಂದು ಬನ್’ ಎಂದೆ. ಅವನಿಗೆ ಅರ್ಥವಾಗಲಿಲ್ಲ. ‘ಬನ್ಸಾ?’ ಎಂದ. ‘ಎರಡಾದರೆ ಬನ್ಸ್ ಕಣಯ್ಯಾ, ನನಗೆ ಒಂದು ಸಾಕು. ಬನ್’ ಎಂದು ವ್ಯಾಕರಣ ಹೇಳಿಕೊಟ್ಟೆ. ಅವನು ಒಳಗೆ ಹೋಗಿ, ಬೇಕರಿಯಿಂದ ತರಿಸಿದ ಒಣ ಬನ್ನನ್ನು ತಟ್ಟೆಯ ನಡುವೆ ಇಟ್ಟುಕೊಂಡು ಬಂದ. ಹೆಂಡತಿ ಮಾತ್ರ ಸುಮ್ಮನೆ ‘ಬನ್ಸ್’ ಎಂದಿದ್ದಳು. ಅವಳ ಮುಂದೆ ಬಾಳೆಹಣ್ಣು ಕಿವುಚಿ ಮೈದಾಕ್ಕೆ ಕಲಸಿ ಕರಿದ, ಬುಸುಬುಸು ಉಬ್ಬಿದ, ಕಂದು ಬಣ್ಣದ, ಮುರಿದರೆ ಒಳಗೆ ಜೇನುಗೂಡಿನಂತಿದ್ದ ಮಂಗಳೂರು ಬನ್ಸು, ಜೊತೆಗೆ ಕಾಯಿಚಟ್ನಿ. ಅದು ಒಂದಾದರೂ ಬನ್ಸೇ, ಹತ್ತಾದರೂ ಬನ್ಸೇ ಎಂದು ಆಮೇಲೆ ತಿಳಿಯಿತು. ಆಗ ಬನ್ಸ್ ಮುಗಿದು ಗೋಳಿಬಜೆ ಕರಿಯಲು ಹಿಟ್ಟು ಕಲಸುತ್ತಿದ್ದರು. ಗೋಳಿಬಜೆಗೆ ಹತ್ತು ನಿಮಿಷ ಬೇಕಂತೆ. ಕೋಷ್ಟಕದಲ್ಲಿ ಎರಡೇ ಇತ್ತು. ಬನ್ನನ್ನು ಕಾಫಿಯಲ್ಲಿ ಅದ್ದಿ ತಿಂದು ಎದ್ದೆ.

ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಅಲ್ಲಿ ನನಗೆ ಕುತ್ತಿಗೆ ಹಿಡಿದುಕೊಂಡಿತು. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರಿಂದ 1901ರವರೆಗೆ ಅದರ ಗೋಡೆ, ಕಮಾನು, ಚಾವಣಿ ಎಲ್ಲವನ್ನೂ ಚಿತ್ರಗಳಿಂದ ತುಂಬಿದ್ದಾನೆ. ಕೆಲವು ಕ್ಯಾನ್ವಾಸಿನ ಮೇಲೆ, ಕೆಲವು ಹಸಿ ಗಾರೆಯ ಮೇಲೆ. ಗಾರೆ ಒಣಗುವ ಮೊದಲೇ ಬಣ್ಣ ಹಾಕಿ ಮುಗಿಸಬೇಕಾದ ಕಸುಬು ಅದು. ಈ ಸೆಕೆಯಲ್ಲಿ, ಅಟ್ಟಣೆಯ ಮೇಲೆ, ತಲೆ ಹಿಂದಕ್ಕೆ ಮಾಡಿಕೊಂಡು ಎರಡು ವರ್ಷ! ನಾನು ಹದಿನೈದು ನಿಮಿಷಕ್ಕೇ ಸೋತೆ. ಚಾವಣಿಯಲ್ಲಿ ಸಂತ ಅಲೋಶಿಯಸ್ ಗೊನ್ಜಾಗನ ಬದುಕಿನ ಚಿತ್ರಗಳಿವೆ. ಅವನ್ನು ಎಣಿಸಿ ಒಂದು ಚಿತ್ರಕ್ಕೆ ಸರಾಸರಿ ಎಷ್ಟು ದಿನ ಬಿತ್ತು ಎಂದು ಭಾಗಾಕಾರ ಮಾಡುತ್ತಿದ್ದಾಗ ಕತ್ತಿನಲ್ಲಿ ‘ಚಟ್’ ಎಂದಿತು. ಅಲ್ಲಿಂದ ಮುಂದಿನ ಮಂಗಳೂರನ್ನೆಲ್ಲ ನಾನು ಎಡಗಡೆಗೆ ಮಾತ್ರ ನೋಡಿದೆ.

ಬಲ್ಮಠದ ದಾರಿಯಲ್ಲಿ ಹೋಗುವಾಗ ಚಾಲಕರು ಕಾರು ನಿಧಾನಿಸಿ, ‘ಬಾಸೆಲ್ ಮಿಶನಿನವರದ್ದು ಸರ್. ಇಳಿದು ನೋಡುವುದಾ?’ ಎಂದರು. ಅದಿದ್ದುದು ಬಲಗಡೆಗೆ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದು ಇವರ ಕಲ್ಲಚ್ಚಿನಿಂದ. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾಗಿದ್ದು ಇವರ ಮುದ್ರಣಾಲಯದಲ್ಲಿ. ಪತ್ರಿಕೆಗಳಿಗೆ ಹರಟೆ ಬರೆದು ಗೌರವಧನಕ್ಕೆ ಕಾಯುವ ನನ್ನಂಥವನು ಅಲ್ಲಿ ಇಳಿದು ನೆಲ ಮುಟ್ಟಿ ನಮಸ್ಕರಿಸಬೇಕಿತ್ತು. ಪಟ್ಟಿಯಲ್ಲಿ ಇರಲಿಲ್ಲ. ‘ಮುಂದೆ ನಡೀರಿ’ ಎಂದೆ, ಎಡಗಡೆಯ ಮೆಡಿಕಲ್ ಶಾಪನ್ನು ನೋಡುತ್ತ.

ಎಡವಟ್ಟು ಶುರುವಾದದ್ದು ಕುದ್ರೋಳಿಯಲ್ಲಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗೋಕರ್ಣನಾಥನ ಕ್ಷೇತ್ರ. ದರ್ಶನಕ್ಕೆಂದು ಜುಬ್ಬ ತೆಗೆದೆ. ತೆಗೆದ ಕೂಡಲೇ ಬೆನ್ನಿಗೆ ಗಾಳಿ ಬಡಿದು ಎಂಥ ಸುಖವೆಂದರೆ, ಮತ್ತೆ ತೊಡಲು ಮನಸ್ಸೇ ಬರಲಿಲ್ಲ. ಜುಬ್ಬವನ್ನು ಮಡಿಸಿ ಕಾರಿನ ಸೀಟಿನ ಮೇಲೆ ಇಟ್ಟೆ. ಅದರ ಜೇಬಿನಲ್ಲಿ ಫೋನು, ಪರ್ಸು, ಕನ್ನಡಕ. ಸೊಂಟಕ್ಕೆ ಸಿಕ್ಕಿಸಿದ ಐವತ್ತರ ಒಂದು ನೋಟು ಮಾತ್ರ ಮೈಮೇಲೆ ಉಳಿಯಿತು. ಬರಿಮೈ, ಜರಿಶಲ್ಯ, ಕಚ್ಚೆ ಪಂಚೆ, ಹಣೆ ತುಂಬ ಗಂಧ. ನಮ್ಮದು ಏಳು ತಲೆಮಾರಿನಿಂದ ರಾಗಿ ಬೆಳೆದ ವಂಶ. ಹೆಂಡತಿ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ‘ದಕ್ಷಿಣೆ ಕೊಟ್ಟುಬಿಡೋ ಹಾಗಿದೀರ’ ಎಂದಳು.

ಸುಲ್ತಾನ್ ಬತ್ತೇರಿಗೆ ಬಂದಾಗ ಗಂಟೆ 10.10. ಕೋಷ್ಟಕಕ್ಕಿಂತ ಐದು ನಿಮಿಷ ಮುಂದೆ! ಈ ಜಾಗದ ಹೆಸರನ್ನು ನಾನು ಅಲ್ಲಿಯವರೆಗೆ ‘ಬ್ಯಾಟರಿ’ ಎಂದೇ ಓದಿಕೊಂಡಿದ್ದೆ. ಟಿಪ್ಪು ಹಡಗುಗಳ ಮೇಲೆ ಬೆಳಕು ಬಿಡಲು ಏನೋ ಹೊಂಚಿದ್ದನೆಂದು ಹೆಂಡತಿಗೆ ದಾರಿಯುದ್ದಕ್ಕೂ ಹೇಳಿದ್ದೆ. ‘ಬತ್ತೇರಿ ಅಂದ್ರೆ ಬುರುಜು ಸರ್, ಕಾವಲಿಗೆ’ ಎಂದರು ಚಾಲಕರು. 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಗುರುಪುರ ನದಿಯೊಳಗೆ ಶತ್ರುಗಳ ಹಡಗು ನುಗ್ಗದಂತೆ ನೋಡಿಕೊಳ್ಳಲು. ನೋಡಲು ಪುಟ್ಟದು, ಯಾರೋ ಕೋಟೆಯೊಂದನ್ನು ಬಿಸಿನೀರಿನಲ್ಲಿ ಒಗೆದು ಕುಗ್ಗಿಸಿದ ಹಾಗೆ. ಸುತ್ತಲೂ ತೋಪಿನ ಬಾಯಿಗೆಂದು ಬಿಟ್ಟ ಕಿಂಡಿಗಳು. ಒಂದರಲ್ಲಿ ಕಣ್ಣಿಟ್ಟು ನೋಡಿದರೆ ನದಿ, ನದಿಯ ಆಚೆ ತೆಂಗು, ಅದರಾಚೆ ಸಮುದ್ರದ ಸದ್ದು.

ಆಚೆ ದಡವೇ ತಣ್ಣೀರುಬಾವಿ. ಕಡವಿನಲ್ಲಿ ದೋಣಿ ನಿಂತಿತ್ತು.

‘ಕೂಳೂರಿನ ಮೇಲೆ ಸುತ್ತಿ ಹೋದರೆ ಕಾರಲ್ಲೇ ಬೀಚಿಗೆ ಹೋಗಬಹುದು ಸರ್. ಹತ್ತು-ಹನ್ನೊಂದು ಕಿಲೋಮೀಟರ್’ ಎಂದರು ಚಾಲಕರು.

ಸಿಕ್ಕಿಬಿದ್ದ ಕಳ್ಳನನ್ನು ನೋಡುವಂತೆ ಅವರನ್ನು ನೋಡಿದೆ. ಐದು ನಿಮಿಷದ ದೋಣಿಯನ್ನು ಬಿಟ್ಟು ಹನ್ನೊಂದು ಕಿಲೋಮೀಟರು! 34 ವರ್ಷದಲ್ಲಿ ಇಂಥ ‘ಸುತ್ತುದಾರಿ’ಗಳನ್ನು ಎಷ್ಟು ಹೊಡೆದುಹಾಕಿಲ್ಲ. ‘ಬೇಡ. ನೀವು ಇಲ್ಲೇ ಇರಿ’ ಎಂದೆ. ಹೆಂಡತಿ ದೋಣಿಯನ್ನೂ ತನ್ನ ಸೀರೆಯನ್ನೂ ಒಮ್ಮೊಮ್ಮೆ ನೋಡಿ, ‘ನೀವು ಹೋಗ್ಬನ್ನಿ. ನಾನು ಏಸೀಲಿ ಕೂತಿರ್ತೀನಿ. 11.15ಕ್ಕೆ ಬರದಿದ್ರೆ ನಾನು ಹೊರಟೆ’ ಎಂದಳು. ಹೆಂಡಂದಿರು ಇಂಥ ಮಾತನ್ನು ಹೇಳುತ್ತಲೇ ಇರುತ್ತಾರೆ.

ದೋಣಿಯವರು ‘ಬನ್ನಿ ಭಟ್ರೇ’ ಎಂದು ಕೈಹಿಡಿದು ಹತ್ತಿಸಿದರು. ನಾನು ತಿದ್ದಲಿಲ್ಲ. ನಿಜ ಹೇಳಬೇಕೆಂದರೆ ಹಿತವೆನಿಸಿತು. ಬೈಕಿನವನೊಬ್ಬ ಎದ್ದು ಜಾಗ ಬಿಟ್ಟುಕೊಟ್ಟ. ನಾನು ಶಲ್ಯ ಸರಿಮಾಡಿಕೊಂಡು ಗಂಭೀರವಾಗಿ ನದಿಯನ್ನು ಎಡಗಡೆಗೆ ನೋಡಿದೆ.

ಸಮುದ್ರದ ಮುಂದೆ ನಿಂತಾಗ ನನ್ನ ಕೈಲಿ 35 ನಿಮಿಷವಿತ್ತು. ಚಪ್ಪಲಿಯನ್ನು ಒಣ ಮರಳಿನ ಮೇಲೆ ಬಿಟ್ಟು, ಪಂಚೆಯನ್ನು ಮೊಣಕಾಲಿಗೆತ್ತಿ, ನೀರಿಗಿಳಿದೆ. ಹಿಂದೆ ಸರಿಯುವ ಅಲೆ ಅಂಗಾಲಿನ ಕೆಳಗಿನ ಮರಳನ್ನು ಸದ್ದಿಲ್ಲದೆ ಎಳೆದುಕೊಂಡು ಹೋಗುತ್ತದೆ. ಹಿಮ್ಮಡಿ ಒಂದಿಷ್ಟು ಇಳಿಯುತ್ತದೆ, ಮತ್ತೆ ಇಳಿಯುತ್ತದೆ. ಬೆರಳುಗಳ ನಡುವೆ ಏನೋ ಹರಿದಾಡಿ ಕಚಗುಳಿಯಾಗುತ್ತದೆ. ಉಗುರಿನಷ್ಟು ದೊಡ್ಡ ಏಡಿಮರಿಯೊಂದು ನನ್ನ ಕಾಲನ್ನು ಸುತ್ತಿ, ಇದು ಪ್ರಯೋಜನವಿಲ್ಲದ ವಸ್ತು ಎಂದು ತೀರ್ಮಾನಿಸಿ, ಅಡ್ಡಡ್ಡ ನಡೆದು ತೂತಿನೊಳಗೆ ಹೋಯಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಗಡಿಯಾರ ನೋಡುವುದು ಮರೆತಿದ್ದೆ. ತಿರುಗಿದಾಗ ಒಣ ಮರಳು ಎಂದುಕೊಂಡದ್ದು ಒದ್ದೆಯಾಗಿತ್ತು, ಚಪ್ಪಲಿ ಒಂದೇ ಉಳಿದಿತ್ತು. ಇನ್ನೊಂದು ಅರಬ್ಬಿ ಸಮುದ್ರದಲ್ಲಿ ಪಶ್ಚಿಮಾಭಿಮುಖವಾಗಿ ತೇಲುತ್ತಿತ್ತು. ಒಂದನ್ನು ಇಟ್ಟುಕೊಂಡು ಏನು ಮಾಡಲಿ? ಅದನ್ನೂ ಎಸೆದೆ. ಅಲೆ ಅದನ್ನು ಮಾತ್ರ ಬೇಡವೆಂದು ವಾಪಸು ತಂದು ಕಾಲ ಬುಡದಲ್ಲಿ ಹಾಕಿತು.

ಅಷ್ಟರಲ್ಲಿ ತೆಂಕಣದಿಂದ ಕಪ್ಪು ಮೋಡ ಬಂದು, ಬಿಸಿಲಿದ್ದ ಹಾಗೆಯೇ ಮಳೆ ಹೊಡೆಯಿತು. ನಮ್ಮ ಕಡೆ ಮಳೆ ಬರುವ ಮುನ್ನ ನಾಲ್ಕು ಹನಿ ಹಾಕಿ ತಿಳಿಸುತ್ತದೆ. ಇಲ್ಲಿ ಹಾಗಿಲ್ಲ, ನೇರ ಬಿಂದಿಗೆಯಲ್ಲಿ. ಗಾಳಿಮರದ ಕೆಳಗೆ ಓಡಿದೆ.

‘ಭಟ್ರೇ, ಮರದ ಅಡಿ ನಿಲ್ಬೇಡಿ, ಸಿಡಿಲುಂಟು! ಒಳಗೆ ಬನ್ನಿ!’ ಎಂದು ಗೂಡಂಗಡಿಯವರು ಕರೆದರು. ಚುರುಮುರಿ ಡಬ್ಬಗಳ ನಡುವೆ ಮಣೆ ಕೊಟ್ಟು ಕೂರಿಸಿದರು. ಸೋಡಾ ಒಡೆದರು. 11.10 ಆಗಿತ್ತು.

‘ದೋಣಿ ಇದೆಯಾ?’

‘ಈಗೆಲ್ಲಿ? ಈ ಗಾಳಿಗೆ ಬಿಡುವುದಿಲ್ಲ. ಮಳೆ ನಿಂತ ಮೇಲೆ.’

‘ಮಳೆ ಯಾವಾಗ ನಿಲ್ಲುತ್ತೆ?’

‘ಅದು ನೀವಲ್ವಾ ಹೇಳ್ಬೇಕು ಭಟ್ರೇ? ಪಂಚಾಂಗ ನೋಡುವವರು ನೀವು.’

ಫೋನು ಬೇಕಾದರೆ ಮಾಡಿ ಎಂದು ತಮ್ಮದನ್ನೇ ಕೊಟ್ಟರು. ಹೆಂಡತಿಯ ನಂಬರು ಎಷ್ಟು? ಮೈಸೂರು ಖಜಾನೆಯ ಲೆಕ್ಕ ಶೀರ್ಷಿಕೆಗಳು ಇವತ್ತಿಗೂ ನನಗೆ ಬಾಯಿಪಾಠ. ನನ್ನ ಮೊದಲ ಸೈಕಲ್ಲಿನ ಲೈಸೆನ್ಸ್ ಬಿಲ್ಲೆಯ ಸಂಖ್ಯೆ ಹೇಳಬಲ್ಲೆ. ಹೆಂಡತಿಯದು 98 ಎಂದು ಶುರುವಾಗುತ್ತದೆ ಎಂಬುದರಾಚೆಗೆ ಒಂದು ಅಂಕಿಯೂ ಹೊಳೆಯಲಿಲ್ಲ. ಅವಳ ಹೆಸರು ಒತ್ತಿದರೆ ಅವಳು ಬರುತ್ತಾಳೆ, ಅಷ್ಟೇ ನನಗೆ ಗೊತ್ತು.

ಮಳೆ ಸಡಿಲಾಗಿ ದೋಣಿ ಹೊರಟಾಗ 12 ಗಂಟೆ. ನನ್ನ ಪಕ್ಕ ಮೀನಿನ ಬುಟ್ಟಿಯ ಅಮ್ಮ ಕೂತರು. ‘ಸ್ವಲ್ಪ ಜರುಗಿ ಭಟ್ರೇ, ಬಂಗುಡೆ ಉಂಟು, ನಿಮಗೆ ತಾಗಿದ್ರೆ ಕಷ್ಟ’ ಎಂದು ಅವರೇ ಕಾಳಜಿ ಮಾಡಿದರು. ಜರುಗಲು ಜಾಗವಿರಲಿಲ್ಲ. ನದಿಯ ನಡುವೆ ದೋಣಿ ಒಮ್ಮೆ ತೂಗಿದಾಗ ಬುಟ್ಟಿಯ ನೀರು ನನ್ನ ಪಂಚೆಯ ಜರಿಯಂಚಿಗೆ ಅಭಿಷೇಕವಾಯಿತು. ಮುಹೂರ್ತಕ್ಕೆ ಹದಿಮೂರು ನಿಮಿಷವಿತ್ತು.

ದಡದಲ್ಲಿ ಕಾರಿರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಹೆಂಡತಿ 11.15ರವರೆಗೆ ಕಾದು, ಹೇಳಿದ ಮಾತಿನಂತೆ ಹೊರಟು, 11.35ಕ್ಕೆ ಮಂಟಪ ಸೇರಿ, ಸೆರಗು ಸರಿಮಾಡಿಕೊಂಡು ಕಳಶ ಹಿಡಿದಳು. ‘ನಮ್ಮವರು ಆಚೆ ದಡದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಕರಕೊಂಡು ಬನ್ನಿ’ ಎಂದು ಚಾಲಕರನ್ನು ಕಳಿಸಿದಳು. ದೋಣಿಯಿಲ್ಲವೆಂದು ತಿಳಿದಿದ್ದ ಅವರು ಕೂಳೂರು ಸೇತುವೆಯ ಮೇಲೆ ಸುತ್ತಿ ತಣ್ಣೀರುಬಾವಿಗೆ ಹೋದರು. ಅವರ ಕಾರು ಆ ದಡಕ್ಕೆ ಬಂದು ನಿಂತ ಹೊತ್ತಿಗೆ ನಾನು ಈ ದಡದಲ್ಲಿ, ಟಿಪ್ಪುವಿನ ಕಾವಲು ಬುರುಜಿನ ಪಕ್ಕ, ಬರಿಗಾಲಲ್ಲಿ, ಅದೇ ನದಿಯನ್ನು ಕಾವಲು ಕಾಯುತ್ತ ನಿಂತಿದ್ದೆ. ಗೂಡಂಗಡಿಯವರು ಅವರಿಗೆ, ‘ಭಟ್ರಾ? ಈಗಷ್ಟೇ ದೋಣಿ ಹತ್ತಿದ್ರು. ಚಪ್ಪಲಿ ಒಂದು ಇಲ್ಲೇ ಉಂಟು’ ಎಂದರಂತೆ.

ಹತ್ತು ನಿಮಿಷ ನೋಡಿ ಒಂದು ಸಿಟಿ ಬಸ್ಸು ಹತ್ತಿದೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಅಗತ್ಯವಿರಲಿಲ್ಲ. ಸ್ಟೇಟ್‌ಬ್ಯಾಂಕಿನಲ್ಲಿ ಇಳಿದಾಗ ಸೊಂಟದಲ್ಲಿ ಚಿಲ್ಲರೆ ಎರಡು ನಾಣ್ಯ ಉಳಿದಿದ್ದವು. ಹತ್ತಿಕೊಂಡ ಮೇಲೆ ನೋಡಿಕೊಳ್ಳೋಣವೆಂದು ಆಟೋದಲ್ಲಿ ಕೂತೆ. ಆಟೋದವನು ಮೂಗೆಳೆದು ಒಮ್ಮೆ ಹಿಂದಕ್ಕೆ ನೋಡಿದ, ಏನೂ ಹೇಳಲಿಲ್ಲ. ಮಂಟಪ ಬಂದಾಗ, ‘ಎದುರಿನಲ್ಲಿ ಕಾರು ತುಂಬಿದೆ ಭಟ್ರೇ. ಹಿಂದಿನ ಗೇಟಿಗೆ ಬಿಡ್ತೇನೆ, ನಿಮಗೂ ಅಲ್ಲೇ ಅಲ್ವಾ ಕೆಲಸ’ ಎಂದ.

ಹಿಂದಿನ ಗೇಟು ಎಂದರೆ ಅಡುಗೆಮನೆ. ಸೌದೆಯ ಹೊಗೆ, ಕೊಪ್ಪರಿಗೆ, ತೆಂಗಿನಕಾಯಿ ರಾಶಿ. ಹೆಗಲ ಮೇಲೆ ಬೈರಾಸು ಹಾಕಿಕೊಂಡಿದ್ದ ದೊಡ್ಡ ಮೈಯವರೊಬ್ಬರು ನನ್ನನ್ನು ನೋಡಿದ್ದೇ ಸಿಡಿದರು.

‘ಎಂತ ಮಾರಾಯ್ರೇ, ಈಗ ಬರುವುದಾ? ಎರಡನೇ ಪಂಕ್ತಿ ಕೂತಾಯ್ತು!’

‘ಇಲ್ಲ, ನಾನು ಗಂಡಿನ... ಆಟೋದವರಿಗೆ ಎಂಬತ್ತು ರೂಪಾಯಿ...’

‘ಅದನ್ನೂ ನಾನೇ ಕೊಡ್ಬೇಕಾ? ಆಯ್ತು, ಮಜೂರಿಯಲ್ಲಿ ಮುರಿದುಕೊಳ್ತೇನೆ’ ಎಂದು ಆಟೋದವನಿಗೆ ನೋಟು ಕೊಟ್ಟು, ಕಡಲೆಬೇಳೆ ಪಾಯಸದ ಬಕೆಟ್ಟನ್ನು ನನ್ನ ಕೈಗೆ ತಗಲಿಸಿದರು.

ಆಗ ನಾನು ಬಾಯಿಬಿಟ್ಟು ಹೇಳಬಹುದಿತ್ತು. ಯೋಚಿಸಿದೆ ಕೂಡ. ಒಂದು, ಒದ್ದೆ ಪಂಚೆ, ಬರಿಗಾಲು, ಬಂಗುಡೆಯ ವಾಸನೆಯೊಂದಿಗೆ ಎದುರು ಬಾಗಿಲಿನಿಂದ ಹೋಗಿ ಷಡ್ಡಕರಿಗೂ 46 ಜನಕ್ಕೂ ಪ್ರೈವೇಟ್ ಟೂರಿನ ವರದಿ ಒಪ್ಪಿಸುವುದು. ಇನ್ನೊಂದು, ಬಕೆಟ್ಟು ಹಿಡಿದು ಹಿಂದಿನಿಂದ ಹೋಗಿ, ಹೆಂಡತಿ ಎಲ್ಲಿದ್ದಾಳೆಂದು ನೋಡಿ, ಜುಬ್ಬದ ಬಗ್ಗೆ ವಿಚಾರಿಸುವುದು. ಬಕೆಟ್ಟು ಎತ್ತಿಕೊಂಡೆ.

ಒಂದು ವಿಷಯ ಅವತ್ತು ಗೊತ್ತಾಯಿತು, ಬಡಿಸುವವನ ಮುಖವನ್ನು ಯಾರೂ ನೋಡುವುದಿಲ್ಲ. ಸೌಟು ನೋಡುತ್ತಾರೆ. ನನ್ನ ಸೋದರತ್ತೆ, ಪಕ್ಕದ ಬೀದಿಯ ಮೇಷ್ಟ್ರು, ನನ್ನಿಂದ ಐದು ಸಾವಿರ ಸಾಲ ತೆಗೆದುಕೊಂಡು ಎರಡು ವರ್ಷದಿಂದ ತಲೆ ತಪ್ಪಿಸಿಕೊಂಡಿರುವ ಭಾವಮೈದುನ, ಎಲ್ಲರಿಗೂ ಬಡಿಸಿದೆ. ಭಾವಮೈದುನನಿಗೆ ಅರ್ಧ ಸೌಟು. ಷಡ್ಡಕರು ಪಕ್ಕದವರಿಗೆ ಬೆಳಗಿನ ಟೂರಿನ ವರ್ಣನೆ ಮಾಡುತ್ತಿದ್ದರು. ಕಡಲು ನೋಡಿದರಂತೆ, ಮಳೆ ಬರುವ ಮುಂಚೆಯೇ ಹೊರಟರಂತೆ, ದಾರಿಯಲ್ಲಿ ಎಲ್ಲರೂ ಗಡ್‌ಬಡ್ ಐಸ್‌ಕ್ರೀಂ ತಿಂದರಂತೆ. ನನ್ನ ಪಾಲಿಗೆ ಗಡಿಬಿಡಿ ಮಾತ್ರ ಬಂದಿತ್ತು. ‘ಸಾಕು ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿದ ಷಡ್ಡಕರು ಮಾತು ನಿಲ್ಲಿಸಿ ಎರಡು ಸಲ ಗಾಳಿ ಮೂಸಿದರು. ‘ಮಂಗಳೂರು ನೋಡಿ, ಎಲ್ಲಿ ಕೂತರೂ ಸಮುದ್ರದ ವಾಸನೆ’ ಎಂದು ಪಕ್ಕದವರಿಗೆ ಹೇಳಿದರು.

ಮೂರು ಎಲೆ ಆಚೆ ನನ್ನ ಹೆಂಡತಿ. ಅವಳು ಮೊದಲು ನೋಡಿದ್ದು ನನ್ನ ಕಾಲು. ಹೋಳಿಗೆ ಮುರಿಯುತ್ತಿದ್ದ ಕೈ ಎಲೆಯ ಮೇಲೆಯೇ ನಿಂತಿತು. ತಲೆ ಎತ್ತಿದಳು. ನಾನು ಪಾಯಸ ಹಾಕಿದೆ. ಅವಳು ‘ಇನ್ನೊಂದ್ ಸ್ವಲ್ಪ’ ಎಂದಳು. ಹಾಕಿದೆ. ಅವಳ ಹೆಗಲು ಕುಲುಕುತ್ತಿತ್ತು. ಅಳುವೋ ನಗುವೋ ಎಂದು ನೋಡಲು ಬಲಗಡೆಗೆ ಕತ್ತು ತಿರುಗಲಿಲ್ಲ.

ಸಾಲಿನ ಕೊನೆಯಲ್ಲಿ, ಕೈತೊಳೆದು ಆಗತಾನೆ ಬಂದು ಕೂತಿದ್ದವರು ನಮ್ಮ ಚಾಲಕರು. ಎಲೆಯ ಪಕ್ಕದಲ್ಲಿ ನನ್ನ ಜುಬ್ಬವನ್ನು ನೀಟಾಗಿ ಮಡಿಸಿ ಇಟ್ಟುಕೊಂಡಿದ್ದರು. ಅವರೊಬ್ಬರೇ ಸೌಟು ಬಿಟ್ಟು ಮುಖ ನೋಡಿದರು. ಕಣ್ಣರೆಪ್ಪೆ ಕೂಡ ಅಲುಗಲಿಲ್ಲ. ಅವಸರವೇ ಇಲ್ಲದ ಮನುಷ್ಯ.

‘ಎಷ್ಟಾಯಿತು?’ ಎಂದೆ ಬಗ್ಗಿ, ಮೆಲ್ಲಗೆ.

‘5 ಗಂಟೆ 20 ನಿಮಿಷ ಸರ್. ಗ್ಯಾರೇಜಿಗೆ ಹೋಗುವುದು ಸೇರಿ 51 ಕಿಲೋಮೀಟರ್.’

‘ಆಗಲೇ ಕೂಳೂರಿನ ಮೇಲೆ ಹೋಗಿದ್ದರೆ?’

ಅವರು ಎಲೆಗೆ ನೀರು ಚಿಮುಕಿಸುತ್ತ ಮನಸ್ಸಿನಲ್ಲೇ ಕೂಡಿದರು. ‘41.’

ಒಂದು ಕಿಲೋಮೀಟರು. ನಾನು ಬಕೆಟ್ಟು ಹಿಡಿದು ಹಾಗೇ ನಿಂತೆ.

‘ಅದೆಲ್ಲ ಮತ್ತೆ ನೋಡುವ’ ಎಂದು ಅವರು ಎಲೆಯನ್ನು ನನ್ನ ಕಡೆಗೆ ಒಂದಿಷ್ಟು ಸರಿಸಿದರು. ‘ಮೇಲಿಂದ ಬೇಡ ಭಟ್ರೇ, ಸೌಟು ಅಡಿಗೆ ಹಾಕಿ. ಗೇರುಬೀಜ ಎಲ್ಲ ಅಡಿಯಲ್ಲುಂಟು.’